ಮಕ್ಕಳ ‘ಅಂಕಲ್ ಪೈ’
ಅನಂತ ಪೈ (1929–2011)

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಎರಡನೇ ವಯಸ್ಸಿಗೇ ತಂದೆತಾಯಿಯನ್ನು ಕಳೆದುಕೊಂಡರು. ಹನ್ನೆರಡರ ಹೊತ್ತಿಗೆ ಮುಂಬೈ ಸೇರಿದರು. ಓದಿದ್ದು ರಸಾಯನ ತಂತ್ರಜ್ಞಾನ, ಮನಸ್ಸು ನೆಟ್ಟದ್ದು ಮಕ್ಕಳ ಪುಸ್ತಕಗಳಲ್ಲಿ.

1967ರಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಪಟಪಟನೆ ಉತ್ತರಿಸಿದವರು ರಾಮನ ತಾಯಿಯ ಹೆಸರು ಕೇಳಿದಾಗ ತಡವರಿಸಿದರು. ಇದನ್ನು ಕಂಡ ಪೈ ಸುಮ್ಮನೆ ಕೂರಲಿಲ್ಲ.

ಇಂಡಿಯಾ ಬುಕ್ ಹೌಸ್ ಪ್ರಕಟಿಸಿದ ‘ಅಮರ ಚಿತ್ರಕಥೆ’ ಮಾಲೆಯ ಸಂಪಾದಕರಾಗಿ, ರಾಮ್ ವಾಯೀರ್ಕರ್ ಚಿತ್ರಗಳೊಂದಿಗೆ ‘ಕೃಷ್ಣ’ನನ್ನು ತಂದರು. ಪುಣೆಯಲ್ಲಿ ಬಾಲ್ಯ ಕಳೆದ ಶಿವಾಜಿ, ಅಲ್ಲಿಂದಲೇ ‘ಕೇಸರಿ’ ಪತ್ರಿಕೆ ನಡೆಸಿದ ಲೋಕಮಾನ್ಯ ತಿಲಕರೂ ಮುಂದೆ ಇದೇ ಮಾಲೆಯ ನಾಯಕರಾದರು.

ಮೃದುಮಾತಿನ ಪೈ ಹಿಡಿದ ಕೆಲಸ ಬಿಡದ ಛಲಗಾರ. 1980ರಲ್ಲಿ ಮಕ್ಕಳ ಪತ್ರಿಕೆ ‘ಟಿಂಕಲ್’ ಆರಂಭಿಸಿದರು. ಮಕ್ಕಳ ಪತ್ರಗಳಿಗೆ ಅಕ್ಕರೆಯಿಂದ ಉತ್ತರಿಸುತ್ತಿದ್ದರು. ವ್ಯಕ್ತಿತ್ವ ವಿಕಸನಕ್ಕೆಂದೇ ‘ಪಾರ್ಥ’ ಸಂಸ್ಥೆಯನ್ನೂ ಕಟ್ಟಿದರು.