ಪೋಡಿನ ನ್ಯಾಯದಿಂದ ಗ್ರಾಮಸಭೆಯವರೆಗೆ

ಚಾಮರಾಜನಗರದಿಂದ ಸತ್ಯಮಂಗಲದತ್ತ ಹೊರಟವರಿಗೆ ತಮಿಳುನಾಡಿನ ಗಡಿಗೆ ಮುನ್ನ ಸಿಗುವ ಊರು ಪುಣಜನೂರು. ಬಿಳಿಗಿರಿರಂಗನಬೆಟ್ಟ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಈ ಊರಿನದೇ ಹೆಸರು. ಈ ಬೆಟ್ಟಸಾಲಿನ ಕಾಡಿನ ಒಳಗೂ ಅಂಚಿನಲ್ಲೂ ಸೋಲಿಗರ ಪೋಡುಗಳಿವೆ. ಹೊರಗಿನಿಂದ ಬಂದ ಒಂದು ಸೇವಾಸಂಸ್ಥೆ ಇಲ್ಲಿ ಬೇರೂರಿದ್ದು ಹೇಗೆ ಎಂಬುದನ್ನು ತಿಳಿಯಲು ಈ ಪೋಡುಗಳಿಂದಲೇ ಆರಂಭಿಸಬೇಕು.

ಪೋಡು ಎಂದರೆ ಬರೀ ಗುಡಿಸಲುಗಳ ಗುಂಪಲ್ಲ. ಅದಕ್ಕೊಬ್ಬ ಯಜಮಾನ, ಪೂಜೆಗೆ ತಮ್ಮಡಿ, ಸುದ್ದಿ ಮುಟ್ಟಿಸಲು ಕೋಲುಕಾರ ಇರುತ್ತಿದ್ದರು. ಜಗಳ, ಮದುವೆ, ರೊಟ್ಟಿಹಬ್ಬ ಎಲ್ಲವೂ ಕುಲದ ಹಿರಿಯರು ಕೂತು ಮಾತಾಡಿ ತೀರ್ಮಾನವಾಗುತ್ತಿದ್ದವು. ಕೂತು ತೀರ್ಮಾನಿಸುವ ಪದ್ಧತಿಯನ್ನು ಸೋಲಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಬೇಟೆ ನಿಂತಿತು. ಜಾಗ ಬದಲಿಸುತ್ತಾ ರಾಗಿ ಬೆಳೆಯುವ ಬೇಸಾಯವೂ ನಿಂತಿತು. ಅನೇಕ ಕುಟುಂಬಗಳು ಕಾಡಿನೊಳಗಿನ ನೆಲೆ ಬಿಟ್ಟು ಕಾಲೋನಿಗಳಿಗೆ ಬಂದವು. ಕೂಲಿಯ ಜೊತೆಗೆ ಉಳಿದದ್ದು ಜೇನು, ನೆಲ್ಲಿಕಾಯಿ, ಸೀಗೆ, ಪಾಚಿಗಳ ಸಂಗ್ರಹ. ಅದನ್ನು ಕೊಳ್ಳಲು ‘ಲ್ಯಾಂಪ್ಸ್’ ಎಂಬ ಗಿರಿಜನ ಸಹಕಾರ ಸಂಘಗಳಿದ್ದವು.

ಇಂಥ ಹೊತ್ತಿನಲ್ಲಿ ಬೆಟ್ಟಕ್ಕೆ ಬಂದವರು ಯುವ ವೈದ್ಯ ಡಾ. ಎಚ್. ಸುದರ್ಶನ್. ಹಾವು ಕಚ್ಚಿದವರಿಗೆ, ಕರಡಿಯಿಂದ ಗಾಯಗೊಂಡವರಿಗೆ ಔಷಧ ಕೊಡುತ್ತಲೇ ಅವರು ಜನರ ಸಂಕೋಚ ನೀಗಿಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪನೆಯಾಯಿತು. ಗುಡಿಸಲಿನಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶಾಲೆ ತೆರೆಯಿತು. ಆಸ್ಪತ್ರೆ, ವೃತ್ತಿ ತರಬೇತಿಗಳು ಸೇರಿಕೊಂಡವು. ಹಿರಿಯರಿಗೆ ಗೊತ್ತಿದ್ದ ಗಿಡಮೂಲಿಕೆಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕದೆ, ಆ ತಿಳಿವಳಿಕೆಗೆ ಶಾಲೆಯಲ್ಲೂ ಚಿಕಿತ್ಸೆಯಲ್ಲೂ ಜಾಗ ಕೊಡಲಾಯಿತು. 1994ರಲ್ಲಿ ಈ ಕೆಲಸಕ್ಕೆ ಅಂತರರಾಷ್ಟ್ರೀಯ ಖ್ಯಾತಿಯ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಬಂತು.

ಆದರೆ ಕೊಡುವ ಕೈ ಕೊಡುತ್ತಲೇ, ಪಡೆಯುವ ಕೈ ಪಡೆಯುತ್ತಲೇ ಇದ್ದರೆ ಸೇವೆ ದಾನವಾಗಿಯೇ ಉಳಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಹಳೆಯ ಕುಲಪಂಚಾಯ್ತಿಯ ಜೊತೆಗೆ ಸೋಲಿಗ ಅಭಿವೃದ್ಧಿ ಸಂಘವೂ ಬೆಳೆಯಿತು. ಅರ್ಜಿ ಬರೆಯಬಲ್ಲ, ಅಧಿಕಾರಿಗಳ ಮುಂದೆ ನಿಂತು ಮಾತಾಡಬಲ್ಲ ಹೊಸ ತಲೆಮಾರು ಪೋಡುಗಳಲ್ಲೇ ತಯಾರಾಯಿತು.

ಆ ಸಂಘಟನೆಯ ಪರೀಕ್ಷೆಯ ಕಾಲವೂ ಬಂತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಬಳಿಕ, ಮಾರಾಟಕ್ಕಾಗಿ ಕಾಡಿನ ಉತ್ಪನ್ನ ಸಂಗ್ರಹಿಸುವುದಕ್ಕೆ ತಡೆ ಬಿತ್ತು. ಜೇನಿನ ಕಾಲ ಬಂದರೂ ಕೈಗೆ ಕಾಸಿಲ್ಲ. ಕೂಲಿ ಅರಸಿ ಜನ ಊರು ಬಿಡಬೇಕಾಯಿತು. ಅಷ್ಟರಲ್ಲಿ, 2006ರಲ್ಲಿ, ಅರಣ್ಯ ಹಕ್ಕು ಕಾಯ್ದೆ ಬಂತು. ಹಕ್ಕು ಕೇಳುವ ಮೊದಲ ಅಧಿಕಾರವನ್ನು ಅದು ಕೊಟ್ಟದ್ದು ಗ್ರಾಮಸಭೆಗೆ. ಆದರೆ ಹಕ್ಕಿಗೆ ಸಾಕ್ಷ್ಯ ಬೇಕು. ಹಿರಿಯರು ಕಾಡಿನಲ್ಲಿ ನಡೆದು ತಮ್ಮ ದೇವರು, ಮಾರಮ್ಮ, ಅಬ್ಬಿ, ಕಲ್ಲುಗುಡಿಗಳ ಜಾಗ ತೋರಿಸಿದರು. ಅಶೋಕ ಪರಿಸರ ಸಂಶೋಧನಾ ಸಂಸ್ಥೆ ‘ಏಟ್ರಿ’ಯ ನೆರವಿನಿಂದ ಅವುಗಳ ನಕ್ಷೆ ಸಿದ್ಧವಾಯಿತು. ಬಾಯಿಮಾತಿನಲ್ಲಿದ್ದ ಚರಿತ್ರೆ ದಾಖಲೆಯಾಯಿತು.

2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದಾಗ ಆತಂಕ ಹೆಚ್ಚಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಕಾಡಿನ ಉತ್ಪನ್ನ ಸಂಗ್ರಹದ ಜೊತೆಗೆ ಕಾಡನ್ನು ಕಾಯುವ ಹೊಣೆಯೂ ಆ ಹಕ್ಕಿನಲ್ಲಿ ಸೇರಿದೆ.

ಹಕ್ಕುಪತ್ರ ಬಂದ ಮಾತ್ರಕ್ಕೆ ಕಾಡಿನ ತಕರಾರುಗಳೆಲ್ಲ ತೀರುವುದಿಲ್ಲ. ಆದರೂ ಒಂದು ಬದಲಾವಣೆ ಸ್ಪಷ್ಟ. ಔಷಧಕ್ಕಾಗಿ ಬಾಗಿಲಲ್ಲಿ ನಿಂತವರ ಮಕ್ಕಳು ಕಾನೂನಿನ ಪುಟ ಹಿಡಿದು ಗ್ರಾಮಸಭೆಯಲ್ಲಿ ಕೂತರು. ಸೇವಾಸಂಸ್ಥೆಯೊಂದರ ಯಶಸ್ಸನ್ನು ಅದು ಕಟ್ಟಿದ ಕಟ್ಟಡಗಳಿಂದ ಅಳೆಯುವುದು ರೂಢಿ. ಬಿಳಿಗಿರಿಯ ತಪ್ಪಲಿನಲ್ಲಿ ಅಳೆಯಬೇಕಾದ್ದು, ಸಂಸ್ಥೆ ಪಕ್ಕಕ್ಕೆ ಸರಿದಾಗಲೂ ಜನ ತಮ್ಮ ಮಾತನ್ನು ತಾವೇ ಆಡಬಲ್ಲರೇ ಎಂಬುದನ್ನು.