ಅಂಬಾಸಿಡರ್ ಮತ್ತು ಅದರ ಬ್ರಿಟಿಷ್ ಬಳಗ

ಅಂಬಾಸಿಡರ್: ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ 1957ರಿಂದ 2014ರವರೆಗೆ ತಯಾರಿಸಿದ ನಾಲ್ಕು ಬಾಗಿಲಿನ ಕಾರು. ಇದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಒಂದೇ ವಿನ್ಯಾಸಕ್ಕೆ ಹಲವು ಹೆಸರು ಅಂಟಿಸಿ ಮಾರುತ್ತಿದ್ದ ಬ್ರಿಟಿಷ್ ಕಂಪನಿಗಳ ಸಂಸಾರಸ್ಥರ ಕಾರುಗಳಲ್ಲಿ ಕನ್ನಡನಾಡಿನ ಜನಜೀವನದೊಳಗೆ ಇಷ್ಟು ಆಳವಾಗಿ ಬೆರೆತದ್ದು ಇನ್ನೊಂದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸೀಮೆಗೆ ಈ ಇತಿಹಾಸದಲ್ಲಿ ಎರಡು ಪಾತ್ರಗಳಿವೆ. ಬೆಂಗಳೂರಿಗೆ ಹತ್ತಿರವಿದ್ದೂ ಹಳ್ಳಿಗಾಡಾಗಿಯೇ ಉಳಿದಿದ್ದ ಈ ಊರುಗಳಲ್ಲಿ ಬಾಡಿಗೆ ಕಾರು ಎಂದರೆ ದೀರ್ಘಕಾಲ ಅಂಬಾಸಿಡರ್ ಎಂದೇ ಅರ್ಥ. ಮುಂದೆ ಅಂಬಾಸಿಡರನ್ನು ಬಾಡಿಗೆ ಕೆಲಸದಿಂದ ಎಬ್ಬಿಸಿದ ವಾಹನ ತಯಾರಾದದ್ದೂ ಇದೇ ಸೀಮೆಯ ಬಿಡದಿಯಲ್ಲಿ.

ಬ್ರಿಟನ್ನಿನ ಹಿನ್ನೆಲೆ

1952ರಲ್ಲಿ ಆಸ್ಟಿನ್ ಕಂಪನಿಯೂ, ಮಾರಿಸ್, ಎಂಜಿ, ರೈಲಿ, ವುಲ್ಸ್‌ಲಿ ಕಾರುಗಳ ಒಡೆತನವಿದ್ದ ನಫೀಲ್ಡ್ ಸಂಸ್ಥೆಯೂ ಕೂಡಿ ಬ್ರಿಟಿಷ್ ಮೋಟರ್ ಕಾರ್ಪೊರೇಷನ್, ಅಂದರೆ ಬಿಎಂಸಿ ಆಯಿತು. ಕಂಪನಿಗಳು ಕೂಡಿದವು, ಡೀಲರುಗಳು ಕೂಡಲಿಲ್ಲ. ಆಸ್ಟಿನ್ ಮಾರುವವರು ಬೇರೆ, ಮಾರಿಸ್ ಮಾರುವವರು ಬೇರೆ. ಇಬ್ಬರಿಗೂ ಮಾಲು ಒದಗಿಸಬೇಕು, ಗಿರಾಕಿಗಳ ಹಳೆಯ ನಿಷ್ಠೆಯೂ ಕೆಡಬಾರದು. ಕಂಪನಿ ಕಂಡುಕೊಂಡ ದಾರಿ: ಬಾಡಿ ಒಂದೇ ಇರಲಿ, ಎಂಜಿನ್ ಒಂದೇ ಇರಲಿ, ಮುಂದಿನ ಜಾಲರಿ, ಬ್ಯಾಡ್ಜು, ಸೀಟಿನ ಹೊದಿಕೆ, ಡ್ಯಾಶ್‌ಬೋರ್ಡು ಮಾತ್ರ ಬೇರೆಯಾಗಲಿ.

ಈ ಪದ್ಧತಿ ಪೂರ್ಣರೂಪಕ್ಕೆ ಬಂದದ್ದು 1958ರ ಡಿಸೆಂಬರಿನಿಂದ 1959ರ ಏಪ್ರಿಲ್‌ವರೆಗಿನ ಐದೇ ತಿಂಗಳಲ್ಲಿ. ಇಟಲಿಯ ಬತಿಸ್ತಾ ಪಿನಿನ್ ಫರೀನಾ ರೂಪಿಸಿದ ಒಂದು ಬಾಡಿಯನ್ನು ವುಲ್ಸ್‌ಲಿ 15/60, ಆಸ್ಟಿನ್ ಎ55 ಕೇಂಬ್ರಿಜ್, ಎಂಜಿ ಮ್ಯಾಗ್ನೆಟ್, ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 5, ರೈಲಿ 4/68 ಎಂಬ ಐದು ಹೆಸರುಗಳಲ್ಲಿ ಬಿಎಂಸಿ ಮಾರುಕಟ್ಟೆಗೆ ಬಿಟ್ಟಿತು. ಹಿಂಬದಿಯಲ್ಲಿ ಮೊನಚಾದ ರೆಕ್ಕೆ, ನೇರ ಗೆರೆಗಳ ಮೈ, 1489 ಸಿಸಿ ಎಂಜಿನ್ ಐದಕ್ಕೂ ಸಾಮಾನ್ಯ. ಎಂಜಿ, ರೈಲಿ ಕಾರುಗಳಿಗೆ ಎರಡು ಕಾರ್ಬೊರೇಟರು. ವುಲ್ಸ್‌ಲಿಯ ಜಾಲರಿಯ ನಡುವಿನ ಬ್ಯಾಡ್ಜಿಗೆ ಒಳಗಿನಿಂದ ಬೆಳಕು, ರಾತ್ರಿಯಲ್ಲಿ ದೂರದಿಂದಲೇ ಅದರ ಹೆಸರು ಓದಬಹುದಿತ್ತು. ಈ ಬಳಗವನ್ನು ಬ್ರಿಟನ್ನಿನಲ್ಲಿ ಇಂದಿಗೂ ಫರೀನಾ ಕಾರುಗಳೆಂದೇ ಕರೆಯುತ್ತಾರೆ. 1961ರಲ್ಲಿ ಎಂಜಿನ್ 1622 ಸಿಸಿಗೆ ಏರಿತು. ಕೊನೆಯ ಆಕ್ಸ್‌ಫರ್ಡ್ 1971ರಲ್ಲಿ ನಿಂತಿತು. 1962ರಲ್ಲಿ ಬಂದ ಮಾರಿಸ್ 1100 ಕಾರಿನಲ್ಲೂ ಬಿಎಂಸಿ ಇದನ್ನೇ ಮಾಡಿತು, ಆ ಸಲ ಆರು ಹೆಸರುಗಳಲ್ಲಿ.

ಅಂಬಾಸಿಡರ್ ಈ ಫರೀನಾ ಬಳಗಕ್ಕೆ ಸೇರಿದ್ದಲ್ಲ, ಅದಕ್ಕಿಂತ ಒಂದು ತಲೆಮಾರು ಹಿಂದಿನದು. 1954ರ ಆಕ್ಸ್‌ಫರ್ಡ್ ಸೀರೀಸ್ 2, ಅದೇ ಬಾಡಿಯ ಅಗ್ಗದ ಕಾರು ಕೌಲಿ, ಮೂತಿ ಉದ್ದ ಮಾಡಿ ಆರು ಸಿಲಿಂಡರ್ ಕೂರಿಸಿದ ಐಸಿಸ್: ಈ ಮೂವರ ದುಂಡು ಮೈಯೇ ಅಂಬಾಸಿಡರಿನದು. ಆದರೆ ಫರೀನಾ ಕಾರುಗಳಲ್ಲಿದ್ದ 1489 ಸಿಸಿಯ ಬಿ-ಸೀರೀಸ್ ಎಂಜಿನ್ನೇ ಅಂಬಾಸಿಡರಿಗೂ ಬಂದದ್ದರಿಂದ ನೆಂಟಸ್ತಿಕೆ ತಪ್ಪಲಿಲ್ಲ. ಇಂಗ್ಲೆಂಡಿನಲ್ಲಿ 1959ರಲ್ಲಿ ಫರೀನಾ ಆಕ್ಸ್‌ಫರ್ಡಿಗೆ ಜಾಗ ಬಿಟ್ಟು ಮರೆಯಾದ ದುಂಡು ಕಾರು, ಇಲ್ಲಿ ಇನ್ನೂ 55 ವರ್ಷ ತಯಾರಾಯಿತು.

ಭಾರತಕ್ಕೆ ಬಂದ ಬಗೆ

ಕಾರು ಕಾರ್ಖಾನೆಯೊಂದು ಮೈಸೂರು ಸಂಸ್ಥಾನದಲ್ಲೇ ಆಗಬೇಕಿತ್ತು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಹಣ ಹೂಡಲು ಮುಂದೆ ಬಂದಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಅದು ಕೈಗೂಡಲಿಲ್ಲ. ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು, ಕಾರಿನ ಕಾರ್ಖಾನೆಯನ್ನು ಬೊಂಬಾಯಿಗೆ ಒಯ್ದರು. ಕನ್ನಡನಾಡಿನ ಕೈಗಾರಿಕಾ ಇತಿಹಾಸದಲ್ಲಿ ಇದು ದೊಡ್ಡ ನಷ್ಟ.

ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟರ್ಸ್ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಆರಂಭವಾಗಿ, 1948ರಲ್ಲಿ ಉತ್ತರಪಾರಾಕ್ಕೆ ಸ್ಥಳಾಂತರಗೊಂಡಿತು. ಆಕ್ಸ್‌ಫರ್ಡ್ ಸೀರೀಸ್ 2 ಇಲ್ಲಿ ಲ್ಯಾಂಡ್‌ಮಾಸ್ಟರ್ ಎಂಬ ಹೆಸರು ಪಡೆಯಿತು, ಸೀರೀಸ್ 3 ಅಂಬಾಸಿಡರ್ ಆಯಿತು. ಇಂಗ್ಲೆಂಡಿನಿಂದ ಬಂದದ್ದು ಬಿಡಿಭಾಗದ ಪೆಟ್ಟಿಗೆಗಳಷ್ಟೇ ಅಲ್ಲ, ಬಾಡಿ ಒತ್ತುವ ಅಚ್ಚುಗಳೂ ಬಂದವು. 1953ರ ಸುಂಕ ಆಯೋಗದ ಶಿಫಾರಸಿನ ನಂತರ, ಬರೀ ಜೋಡಿಸಿ ಮಾರುವ ಕಂಪನಿಗಳಿಗೆ ದೇಶದಲ್ಲಿ ಜಾಗವಿಲ್ಲವೆಂದಾಯಿತು. ಫೋರ್ಡ್, ಜನರಲ್ ಮೋಟರ್ಸ್ ಹೊರನಡೆದವು. ಉಳಿದವು ಮೂರೇ ಕಾರು: ಅಂಬಾಸಿಡರ್, ಇಟಲಿ ಮೂಲದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್.

ಮದರಾಸಿನ ಕಾರೂ ಇಂಗ್ಲೆಂಡಿನದೇ. 1961ರಿಂದ ಅಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್, ಬ್ರಿಟನ್ನಿನ ಟ್ರಯಂಫ್ ಹೆರಾಲ್ಡಿನ ಬೇರೆ ಹೆಸರು. ಬೆಂಗಳೂರಿನಲ್ಲೂ ಬ್ರಿಟಿಷ್ ಮನೆಕಾರು ಜೋಡಣೆಯಾದದ್ದುಂಟು: 1990ರ ದಶಕದ ನಡುವಿನಲ್ಲಿ ಸಿಪಾನಿ ಆಟೊಮೊಬೈಲ್ಸ್ ರೋವರ್ ಮಾಂಟೆಗೊ ಕಾರನ್ನು ಸಣ್ಣ ಸಂಖ್ಯೆಯಲ್ಲಿ ಜೋಡಿಸಿತು. ಆಸ್ಟಿನ್, ಎಂಜಿ ಹೆಸರುಗಳಲ್ಲೂ ಮಾರಾಟವಾಗಿದ್ದ ಮಾಂಟೆಗೊ ಬಿಎಂಸಿ ಪರಂಪರೆಯದೇ ಕುಡಿ. ಒಳ್ಳೆಯ ಕಾರು, ಆದರೆ ಬೆಲೆ ಹೆಚ್ಚು, ರಿಪೇರಿ ಬಲ್ಲವರು ಕಡಿಮೆ; ಬೇಗನೆ ಕಾಣೆಯಾಯಿತು.

ಕಾರು ಮತ್ತು ಗ್ಯಾರೇಜು

ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ. ಮುಂದೆ ಟಾರ್ಷನ್ ಬಾರ್, ಹಿಂದೆ ಪಟ್ಟಿ ಸ್ಪ್ರಿಂಗ್, 15 ಇಂಚಿನ ಚಕ್ರ. ಮೊದಲು ಹಳೆಯ ಸೈಡ್‌ವಾಲ್ವ್ ಎಂಜಿನ್ ಇತ್ತು. 1959ರಿಂದ ಓವರ್‌ಹೆಡ್ ವಾಲ್ವಿನ 1489 ಸಿಸಿ ಎಂಜಿನ್. ಮಾರ್ಕ್ 2 (1962), ಮಾರ್ಕ್ 3 (1975), ಮಾರ್ಕ್ 4 (1979), ನೋವಾ (1990) ಎಂದು ಹೆಸರು ಬದಲಾದರೂ ಬಾಗಿಲು, ಟಾಪು ಹೆಚ್ಚುಕಡಿಮೆ ಅವೇ. ಮಾರ್ಕ್ 4ರ ಹೊತ್ತಿಗೆ ಬಂದ ಡೀಸೆಲ್ ಮಾದರಿ ದೇಶದ ಮೊದಲ ಡೀಸೆಲ್ ಕಾರು. 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಮತ್ತು ಐದು ಗೇರು ಬಂದವು.

ಹಳೆಯ ಮಾದರಿಗಳಲ್ಲಿ ಗೇರ್ ಲಿವರ್ ಇದ್ದದ್ದು ಸ್ಟೀರಿಂಗ್ ಕಂಬದ ಮೇಲೆ. ಹಾಗಾಗಿ ಮುಂದಿನ ಸೀಟು ಬೆಂಚಿನ ಹಾಗೆ ಅಗಲಕ್ಕೂ ಒಂದೇ. ಡ್ರೈವರ್ ಪಕ್ಕ ಇಬ್ಬರು ಕೂರುವುದು ನ್ಯಾಯ, ಮೂವರು ಕೂರುವುದು ವಾಡಿಕೆ. ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಸರಳುಗಳ ಕೀಲು ಸವೆದರೆ ಎರಡು ಗೇರು ಒಟ್ಟಿಗೆ ಕಚ್ಚಿಕೊಂಡು ಬಿಡುತ್ತಿದ್ದವು. ಆಗ ಡ್ರೈವರ್ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಆ ಸರಳನ್ನು ಕೈಯಲ್ಲೇ ಎಳೆದು ನ್ಯೂಟ್ರಲ್‌ಗೆ ತಂದು, ಒರೆಸಿಕೊಂಡು ಬಂದು ಮತ್ತೆ ಹೊರಡುತ್ತಿದ್ದ. ಹೆಡ್‌ಲೈಟ್ ಡಿಮ್ ಮಾಡುವ ಗುಂಡಿ ನೆಲದ ಮೇಲೆ, ಎಡಗಾಲಿನ ಹತ್ತಿರ.

ಈ ಕಾರು ಉಳಿದದ್ದಕ್ಕೆ ಜನರ ಪ್ರೀತಿಯೇ ಕಾರಣವೆಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಪರವಾನಗಿ ಪದ್ಧತಿಯಲ್ಲಿ ಕೊಳ್ಳುವವನಿಗೆ ಆಯ್ಕೆಯೇ ಇರಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು, ಬಂದ ಕಾರನ್ನು ಒಪ್ಪಿಕೊಳ್ಳಬೇಕಿತ್ತು. ಉಳಿದ ಅರ್ಧ ಸತ್ಯ ಗ್ಯಾರೇಜಿನಲ್ಲಿದೆ. ವಿನ್ಯಾಸ ಬದಲಾಗದ್ದರಿಂದ ಕಂಪನಿಗೆ ಸೋಮಾರಿತನ ಬಂತು ನಿಜ, ಮೆಕ್ಯಾನಿಕ್‌ಗೆ ಬಂದದ್ದು ಪಾಂಡಿತ್ಯ. 1965ರ ಕಾರಿನ ಮೇಲೆ ಕೆಲಸ ಕಲಿತ ಮೇಸ್ತ್ರಿ 1985ರ ಕಾರನ್ನು ಕಣ್ಣುಮುಚ್ಚಿ ಬಿಚ್ಚಬಲ್ಲವನಾಗಿದ್ದ. ಬೀಡು ಕಬ್ಬಿಣದ ದಪ್ಪ ಬ್ಲಾಕು. ಸವೆದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಮತ್ತೆ ಸಿದ್ಧ. ಹೊಸ ಸ್ಪೇರು ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯದು ಸಾಕಾದರೆ ಶಿವಾಜಿನಗರದ ಗುಜರಿ. ಬೆಂಗಳೂರಿನಿಂದ 50–60 ಕಿಲೋಮೀಟರ್ ಒಳಗಿರುವ ಈ ನಾಲ್ಕು ಊರಿನವರಿಗೆ ಎರಡೂ ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ. ಬ್ರಿಟನ್ನಿನಲ್ಲಿ ಸಮಾನ ವಿನ್ಯಾಸ ಡೀಲರಿಗೆ ನೆರವಾಯಿತು. ಇಲ್ಲಿ ಅದರ ಲಾಭ ಉಂಡವರು ರಿಪೇರಿ ಮಾಡುವವರು ಮತ್ತು ಬಾಡಿಗೆ ಓಡಿಸುವವರು.

ಪೆಟ್ರೋಲ್ ದುಬಾರಿಯಾದಂತೆ ಬಾಡಿಗೆ ಕಾರುಗಳಿಂದ ಮೂಲ ಎಂಜಿನ್ ಕಿತ್ತು ಮಟಾಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸುವುದು ರೂಢಿಯಾಯಿತು. ಬಾನೆಟ್ ಒಳಗೆ ಜಾಗ ಧಾರಾಳವಾಗಿದ್ದದ್ದೂ ಇದಕ್ಕೆ ಅನುಕೂಲವಾಯಿತು. ಸದ್ದು ಹೆಚ್ಚಿತು, ಖರ್ಚು ಇಳಿಯಿತು. ಮದುವೆ, ಹೆರಿಗೆ, ಧರ್ಮಸ್ಥಳ, ತಿರುಪತಿ ಎಲ್ಲಕ್ಕೂ ಈ ಕಾರುಗಳೇ ಓಡಿದವು.

ಗೂಟದ ಕಾರು

ಸರ್ಕಾರದ ಬಿಳಿ ಅಂಬಾಸಿಡರಿನ ನೆತ್ತಿಯ ಮೇಲೆ ಕೆಂಪು ದೀಪ ಬಂದಾಗ ಅದು ಗೂಟದ ಕಾರಾಯಿತು. ‘ಗೂಟದ ಕಾರು ಸಿಕ್ಕಿತು’ ಎಂದರೆ ಮಂತ್ರಿಯಾದರು ಎಂದೇ ಅರ್ಥ. ಈ ಸೀಮೆ ಗೂಟದ ಕಾರನ್ನು ಧಾರಾಳವಾಗಿ ಕಂಡಿದೆ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಇಲ್ಲಿಯವರು. ಅವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು 1956ರಲ್ಲಿ, ಅಂಬಾಸಿಡರ್ ಬರುವ ಹಿಂದಿನ ವರ್ಷ. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ವಿಧಾನಸಭೆಗೆ ಆರಿಸಿ ಬಂದದ್ದು ಕನಕಪುರದ ಉಪಚುನಾವಣೆಯಲ್ಲಿ. 1994ರಲ್ಲಿ ರಾಮನಗರದಿಂದ ಗೆದ್ದ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿ, 1996ರ ಜೂನ್ 1ರಂದು ಪ್ರಧಾನಿಯಾದರು. ದೆಹಲಿಯಲ್ಲೂ ಆಗ ಅಂಬಾಸಿಡರಿನದೇ ರಾಜ್ಯಭಾರ; ಪ್ರಧಾನಿಯ ಬಳಕೆಗೆ ಬಿಎಂಡಬ್ಲ್ಯು ಬಂದದ್ದು ವಾಜಪೇಯಿ ಅವರ ಕಾಲದಲ್ಲಿ. ಕೆಂಪು ದೀಪವನ್ನು ಕೇಂದ್ರ ಸರ್ಕಾರ 2017ರ ಮೇ 1ರಿಂದ ತೆಗೆಸಿತು. ಗೂಟದ ಕಾರು ಎಂಬ ಮಾತು ಮಾತ್ರ ಪತ್ರಿಕೆಗಳಲ್ಲೂ ಅರಳಿಕಟ್ಟೆಗಳಲ್ಲೂ ಹಾಗೇ ಇದೆ.

ಬಿಡದಿ

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಮನೆಬಳಕೆಯ ಗಿರಾಕಿಗಳನ್ನು ಅಂಬಾಸಿಡರಿನಿಂದ ಕಿತ್ತುಕೊಂಡಿತು. ಬಾಡಿಗೆ ಗಿರಾಕಿಗಳು ಉಳಿದಿದ್ದರು, ಯಾಕೆಂದರೆ ಏಳೆಂಟು ಮಂದಿಯನ್ನೂ ಅವರ ಗಂಟುಮೂಟೆಯನ್ನೂ ಹೊರುವ ಬೇರೆ ಕಾರಿರಲಿಲ್ಲ. ಆ ಕೊರತೆ ನೀಗಿದ್ದು ಬಿಡದಿಯಲ್ಲಿ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟರ್, 1999ರ ಕೊನೆಯಲ್ಲಿ ಇಲ್ಲಿ ಕ್ವಾಲಿಸ್ ತಯಾರಿಸಲು ತೊಡಗಿತು. ಕ್ವಾಲಿಸ್ ಸಹ ಹಲವು ಹೆಸರಿನ ಒಂದೇ ವಿನ್ಯಾಸ: ಇಂಡೋನೇಷ್ಯಾದಲ್ಲಿ ಕಿಜಾಂಗ್, ಫಿಲಿಪೀನ್ಸ್‌ನಲ್ಲಿ ತಮರಾವ್, ತೈವಾನಿನಲ್ಲಿ ಜೇಸ್. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಮೈಸೂರು ರಸ್ತೆಯ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಅಂಬಾಸಿಡರ್ ವಿರಳವಾದದ್ದು ಈ ವರ್ಷಗಳಲ್ಲಿ.

2010ರ ಏಪ್ರಿಲಿನಿಂದ ಬೆಂಗಳೂರು ಸೇರಿ 13 ನಗರಗಳಲ್ಲಿ ಬಿಎಸ್-4 ಹೊಗೆ ನಿಯಮ ಜಾರಿಗೆ ಬಂತು. ಆ ನಿಯಮಕ್ಕೆ ತಕ್ಕ ಡೀಸೆಲ್ ಅಂಬಾಸಿಡರ್ ಸಿದ್ಧವಾಗುವ ಹೊತ್ತಿಗೆ 2013 ಆಗಿತ್ತು. 1980ರ ದಶಕದಲ್ಲಿ ವರ್ಷಕ್ಕೆ 20 ಸಾವಿರ ಮೀರಿ ಮಾರಾಟವಾಗುತ್ತಿದ್ದ ಕಾರು ಕೊನೆಯ ವರ್ಷ ಎರಡು ಸಾವಿರದ ಆಸುಪಾಸಿಗೆ ಕುಸಿದಿತ್ತು. 2014ರ ಮೇ ತಿಂಗಳಲ್ಲಿ ಉತ್ತರಪಾರಾ ಬಾಗಿಲು ಹಾಕಿತು. 2017ರಲ್ಲಿ ಅಂಬಾಸಿಡರ್ ಹೆಸರನ್ನು ಫ್ರಾನ್ಸಿನ ಪ್ಯೂಜೊ ಬಳಗ 80 ಕೋಟಿ ರೂಪಾಯಿಗೆ ಕೊಂಡಿತು.

ಬಿಎಂಸಿಯ ಹಳೆಯ ಪದ್ಧತಿ ಇದೀಗ ಬಿಡದಿಯಲ್ಲೇ ನಡೆಯುತ್ತಿರುವುದು ಈ ಇತಿಹಾಸದ ಅತ್ಯಂತ ಕುತೂಹಲದ ಸಂಗತಿ. ಟೊಯೊಟಾ ಮತ್ತು ಸುಜುಕಿ ಒಪ್ಪಂದದ ಫಲವಾಗಿ ಮಾರುತಿಯ ಬಲೆನೊ 2019ರಲ್ಲಿ ಟೊಯೊಟಾ ಗ್ಲಾಂಜಾ ಆಗಿ ಬಂತು. 2022ರಿಂದ ಬಿಡದಿಯ ಕಾರ್ಖಾನೆಯಲ್ಲೇ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಒಟ್ಟಿಗೆ ತಯಾರಾಗುತ್ತಿವೆ. ಚಾಸಿ, ಎಂಜಿನ್‌ಗಳು ಒಂದೇ. ಮೂತಿ, ದೀಪ, ಬ್ಯಾಡ್ಜು ಬೇರೆ. ಮಾರುವ ಷೋರೂಮು ಬೇರೆ. ಕಾರಣವೂ 1958ರದ್ದೇ: ಖರ್ಚು ಒಂದು ವಿನ್ಯಾಸದ್ದು, ಗಿರಾಕಿಗಳು ಎರಡು ಅಂಗಡಿಯವರು.

ಉಳಿದ ಕಾರುಗಳು

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ಪ್ರಕಟಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಕಾರುಗಳಿಗೆ ವಿಎ ಅಕ್ಷರಗಳ ಪ್ರತ್ಯೇಕ ನಂಬರು, 10 ವರ್ಷದ ನೋಂದಣಿ, 20 ಸಾವಿರ ರೂಪಾಯಿ ಶುಲ್ಕ. ಇಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಗಳಿಗೆ ಹೊರತು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ವಯಸ್ಸಿನ ಲೆಕ್ಕದಲ್ಲಿ ಮಾರ್ಕ್ 2 ಕಾರುಗಳು ಇದಕ್ಕೆ ಅರ್ಹವಾಗುತ್ತಿವೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕೆಂದು ನಿಯಮ ಹೇಳುತ್ತದೆ. ಶ್ರೀಮಂತರ ಷೆಡ್ಡಿನಲ್ಲಿ ನಿಂತೇ ಇದ್ದ ಕಾರುಗಳು ಈ ಮಾನ್ಯತೆ ಪಡೆಯಬಲ್ಲವು. ಮಟಾಡೋರ್ ಎಂಜಿನ್ ಕೂರಿಸಿಕೊಂಡು ಬಾಡಿಗೆ ಓಡಿದ ಕಾರುಗಳಿಗೆ ಅದು ಸಿಗುವುದು ಕಷ್ಟ. ಈ ನಾಡಿನಲ್ಲಿ ಅಂಬಾಸಿಡರ್ ಬದುಕಿದ ರೀತಿಗೆ ನಿಜವಾದ ಸಾಕ್ಷಿ ಆ ಎರಡನೆಯ ಬಗೆಯ ಕಾರುಗಳೇ ಆದ್ದರಿಂದ, ಗುಜರಿಗೆ ಹೋಗುವ ಮೊದಲು ಅವುಗಳಲ್ಲೂ ಕೆಲವನ್ನು ಉಳಿಸಿಕೊಳ್ಳುವುದು ಅಗತ್ಯ.