ಉಪ್ಪಿನಂಥ ಸದ್ಗುಣಗಳು

ಸಂಸಾರದಲ್ಲಿದ್ದವನಿಗೆ ಸಾಧನೆ ಉಂಟೆ? ನಮ್ಮಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಹದಿನೇಳನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಕ್ಯಾಥೊಲಿಕರನ್ನೂ ಇದು ಕಾಡುತ್ತಿತ್ತು. ಸಾಧನೆ ಮಠದ ಗೋಡೆಯೊಳಗಿನವರ ಕೆಲಸ, ಗೃಹಸ್ಥರಿಗೆ ಪೂಜೆ ಮತ್ತು ಒಂದಿಷ್ಟು ದಾನಧರ್ಮ ಸಾಕು ಎಂಬುದು ಅನೇಕರ ಭಾವನೆ. ಇದನ್ನು ಒಪ್ಪದೆ ಹೋದವನು ಸಂತ ಫ್ರಾನ್ಸಿಸ್ ದ ಸೇಲ್ಸ್.

ಆಲ್ಪ್ಸ್ ಪರ್ವತದ ಮಗ್ಗುಲಿನ ಸವಾಯ್ ಸೀಮೆಯ ಸಿರಿವಂತ ಮನೆತನದಲ್ಲಿ 1567ರಲ್ಲಿ ಹುಟ್ಟಿದ ಈತನನ್ನು ದೊಡ್ಡ ವಕೀಲನನ್ನಾಗಿ ಮಾಡಬೇಕೆಂದು ತಂದೆಯ ಆಸೆ. ಮಗ ಪಾದುವಾದಲ್ಲಿ ನ್ಯಾಯಶಾಸ್ತ್ರದ ಡಾಕ್ಟರ್ ಪದವಿ ಪಡೆದು ಬಂದು, 1593ರಲ್ಲಿ ಪಾದ್ರಿಯಾದ. ಮರುವರ್ಷ, ಪ್ರಾಟೆಸ್ಟಂಟರೇ ತುಂಬಿದ್ದ ಶಾಬ್ಲೆ ಪ್ರಾಂತಕ್ಕೆ ಹೋದರೆ ಉಪದೇಶ ಕೇಳಲು ಜನ ಬರಲಿಲ್ಲ. ಆಗ ಕರಪತ್ರಗಳನ್ನು ಬರೆದು ಹಂಚತೊಡಗಿದ. (ಪತ್ರಕರ್ತರಿಗೆ ಈತನೇ ಪಾಲಕಸಂತನೆಂದು ಪೋಪರು 1923ರಲ್ಲಿ ಸಾರಿದ್ದು ಸುಮ್ಮನೆ ಅಲ್ಲ.) ಆ ಪ್ರಾಂತ ಮತ್ತೆ ಕ್ಯಾಥೊಲಿಕ್ ಆದುದರಲ್ಲಿ ಸವಾಯ್ ಡ್ಯೂಕನ ಅಧಿಕಾರಬಲವೂ ಇತ್ತೆಂಬುದನ್ನು ಮರೆಯಬಾರದು. 1602ರಲ್ಲಿ ಜಿನೀವಾದ ಬಿಷಪ್ ಆದರೂ, ಆ ಊರು ಪ್ರಾಟೆಸ್ಟಂಟರ ಕೈಯಲ್ಲಿದ್ದುದರಿಂದ ಆನ್ಸಿ ಎಂಬ ಸಣ್ಣ ಪಟ್ಟಣದಲ್ಲಿ ಕುಳಿತು ಆಳಬೇಕಾಯಿತು.

ಅಲ್ಲಿಂದ ಶಾರ್ಮ್ವಾಸಿ ಎಂಬ ಗೃಹಿಣಿಗೆ ಬರೆದುಕೊಟ್ಟ ಬುದ್ಧಿಮಾತುಗಳೇ ಬೆಳೆದು, 1609ರಲ್ಲಿ ಭಕ್ತಿಜೀವನಕ್ಕೆ ಪ್ರವೇಶಿಕೆಯಾದ ಒಂದು ಪುಸ್ತಕವಾಯಿತು. ಭಾಷೆ ಪಂಡಿತರ ಲ್ಯಾಟಿನ್ ಅಲ್ಲ, ಮನೆಮಾತಾದ ಫ್ರೆಂಚ್. ಕುಶಲಕರ್ಮಿ ದಿನವಿಡೀ ಚರ್ಚಿನಲ್ಲಿ ಕೂತರೆ ಅದು ಭಕ್ತಿಯಲ್ಲ. ಅವರವರ ಕಸುಬಿಗೆ, ಶಕ್ತಿಗೆ ತಕ್ಕ ಸಾಧನೆ ಬೇಕು ಎಂಬುದು ಅದರ ಮೊದಲ ಮಾತು. ಎರಡನೆಯದು ಇನ್ನೂ ಸ್ವಾರಸ್ಯ. ಶೌರ್ಯ, ಮಹಾತ್ಯಾಗಗಳನ್ನು ತೋರಿಸುವ ಸಂದರ್ಭ ಅಪರೂಪ. ಸೌಮ್ಯತೆ, ಮಿತ, ವಿನಯಗಳಿಗೆ ಗಳಿಗೆ ಗಳಿಗೆಗೂ ಕೆಲಸ. ಸಕ್ಕರೆ ಉಪ್ಪಿಗಿಂತ ಮೇಲಾಗಿರಬಹುದು, ಆದರೆ ದಿನದಿನವೂ ಬೇಕಾಗುವುದು ಉಪ್ಪು ಎನ್ನುತ್ತಾನೆ. ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೋಪದ ವಿಚಾರದಲ್ಲಿ ಮಾತ್ರ ಈತ ಕಟ್ಟುನಿಟ್ಟು. ನ್ಯಾಯವಾದ ಕೋಪವನ್ನು ಹಿತಮಿತವಾಗಿ ಬಳಸಬಹುದಲ್ಲ ಎಂದರೆ, ಬೇಡ, ಒಳಗೇ ಬಿಡಬೇಡಿ ಎನ್ನುತ್ತಾನೆ. ಒಮ್ಮೆ ಹೊಕ್ಕರೆ ಹೊರಡಿಸುವುದು ಕಷ್ಟ. ಈತನದು ಹುಟ್ಟಿನಿಂದ ಬಿಸಿ ಸ್ವಭಾವ, ಸೌಮ್ಯತೆ ವರ್ಷಗಟ್ಟಲೆ ದುಡಿದು ಗಳಿಸಿದ್ದು ಎಂದು ಚರಿತ್ರಕಾರರು ಹೇಳುತ್ತಾರೆ. ಸತ್ತ ಮೇಲೆ ಪಿತ್ತಕೋಶದಲ್ಲಿ ಸಿಕ್ಕ ಕಲ್ಲುಗಳು ನುಂಗಿದ ಕೋಪದ ಗುರುತೆಂಬ ಕಥೆಯೂ ಉಂಟು. ವೈದ್ಯರು ಒಪ್ಪಲಾರರು, ನಾವೂ ಒಪ್ಪಬೇಕಾಗಿಲ್ಲ. ಆದರೆ ಕಥೆ ಹುಟ್ಟಿದ್ದೇಕೆಂದು ಊಹಿಸಬಹುದು. ತಪ್ಪಿದಾಗ ತನ್ನ ಮೇಲೆಯೇ ಸಿಡಿದುಕೊಳ್ಳುವುದೂ ಕೋಪವೇ, ನಿಮ್ಮೊಡನೆಯೂ ಸೌಮ್ಯವಾಗಿರಿ ಎಂದು ಬರೆದವನು ಆ ಕಷ್ಟವನ್ನು ಬಲ್ಲವನೇ ಇರಬೇಕು.

1610ರಲ್ಲಿ ಜಾನ್ ದ ಶಾಂತಾಲ್ ಎಂಬ ವಿಧವೆಯೊಡನೆ ಆನ್ಸಿಯಲ್ಲಿ ಸ್ತ್ರೀಯರ ಒಂದು ಸಂಘವನ್ನು ಸ್ಥಾಪಿಸಿದ. ಮಠದ ಕಠೋರ ವ್ರತಗಳನ್ನು ತಾಳಲಾರದ ವೃದ್ಧೆಯರಿಗೂ ರೋಗಿಗಳಿಗೂ ಅಲ್ಲಿ ಸ್ಥಳವಿತ್ತು. ಸೋದರಿಯರು ಹೊರಗೆ ಹೋಗಿ ಬಡ ರೋಗಿಗಳನ್ನು ನೋಡಿ ಬರುತ್ತಿದ್ದರು. ಲಿಯೋನಿನ ಆರ್ಚ್‌ಬಿಷಪ್ಪರಿಗೆ ಇದು ಸರಿಬೀಳಲಿಲ್ಲ. ಕನ್ಯಾಮಠವೆಂದರೆ ಬಾಗಿಲು ಮುಚ್ಚಿರಬೇಕು ಎಂದು ಹಟ ಹಿಡಿದರು. ಫ್ರಾನ್ಸಿಸ್ ವಾದಿಸಿ, ಕಡೆಗೆ ತಲೆಬಾಗಿದ. ಅದು ವಿನಯವೋ ಸೋಲೋ ಎಂಬುದು ಇಂದಿಗೂ ಚರ್ಚೆಯ ವಿಷಯ. ನನಗೆ ಎರಡೂ ಕಾಣುತ್ತದೆ. 1622ರ ಡಿಸೆಂಬರಿನಲ್ಲಿ ಅದೇ ಲಿಯೋನಿಗೆ ಬಂದಾಗ, ದೊಡ್ಡ ಮನೆಗಳ ಆಹ್ವಾನವನ್ನು ಬಿಟ್ಟು ಆ ಸಂಘದ ಮಠದ ತೋಟಗಾರನ ಗುಡಿಸಲಲ್ಲಿ ಇಳಿದುಕೊಂಡ. ತಿಂಗಳ 28ರಂದು ಅಲ್ಲಿಯೇ ಕಣ್ಣುಮುಚ್ಚಿದ.